ಶಾಂತವೀರಪ್ಪ ಮೇಷ್ಟ್ರ ಎರಡನೆಯ ಪತ್ರ

ಮೂಡಿಗೆರೆಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಶಾಂತವೀರಪ್ಪನವರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಯಾರಿಗೂ ಒಂದು ಶಿಫಾರಸು ಪತ್ರವನ್ನು ತಾವೇ ಬರೆದವರಲ್ಲ. ಹಾಗೆಂದು ಕೊಡದೆ ಇದ್ದವರೂ ಅಲ್ಲ. ಕೇಳಿಕೊಂಡು ಬಂದ ವಿದ್ಯಾರ್ಥಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ." ಆ ಕಾಲೇಜಿನಲ್ಲಿ ಎಲ್ಲ ಮೇಷ್ಟ್ರುಗಳದ್ದೂ ಇದೇ ಪದ್ಧತಿ. ಹುಡುಗರು ಬಸ್ ಸ್ಟ್ಯಾಂಡಿನ ಪಕ್ಕದ ಟೈಪಿಂಗ್ ಅಂಗಡಿಯಲ್ಲಿ ಕೂತು ತಮ್ಮನ್ನು ತಾವೇ ಹೊಗಳಿಕೊಂಡು ಬರುತ್ತಿದ್ದರು. ಒಮ್ಮೆ ಒಬ್ಬ ತನ್ನನ್ನು 'ಅಪೂರ್ವ ಪ್ರತಿಭೆ' ಎಂದು ಬರೆದುಕೊಂಡು ಬಂದಿದ್ದಾಗ ಮೇಷ್ಟ್ರು ಕನ್ನಡಕದ ಮೇಲಿಂದ ಅವನನ್ನು ನೋಡಿ, 'ಅಪೂರ್ವ' ಒಂದನ್ನು ಮಾತ್ರ ಹೊಡೆದುಹಾಕಿ ಸಹಿ ಮಾಡಿದ್ದರು.

ಅವರು ಅಜ್ಜಂಪುರದ ಕಡೆಯವರು, ಬಯಲಿನವರು. ಎರಡು ವರ್ಷ ಇದ್ದು ಹೋಗೋಣವೆಂದು ಎಪ್ಪತ್ತೆಂಟರಲ್ಲಿ ಈ ಗುಡ್ಡಗಳಿಗೆ ಬಂದವರು ಇಲ್ಲೇ ಉಳಿದರು. ಆಸಿಡ್ ಹಾರಿ ಸಣ್ಣ ತೂತುಗಳಾದ ಬಿಳಿ ಅಂಗಿ, ಬೆರಳ ತುದಿಯಲ್ಲಿ ಎಂದೂ ಹೋಗದ ಕಂದು ಕಲೆ. ಕೂಗಾಡದ ಮನುಷ್ಯ. ಅವರ ಬಗ್ಗೆ ವಿದ್ಯಾರ್ಥಿಗಳು ಹೇಳುತ್ತಿದ್ದ ದೊಡ್ಡ ದೂರೆಂದರೆ, ಬೋರ್ಡಿನ ಕಡೆ ತಿರುಗಿದರೆ ಗಂಟೆ ಹೊಡೆಯುವವರೆಗೂ ಇತ್ತ ತಿರುಗುವುದಿಲ್ಲ ಎಂಬುದು.

2004ರ ಆಗಸ್ಟಿನ ಒಂದು ಬೆಳಿಗ್ಗೆ ಅವರ ಮನೆಗೆ ಅಮೆರಿಕದಿಂದ ಫೋನು ಬಂತು.

"ಸಾರ್, ನಾನು ಜಿಕ್ರಾ. ಬಾಳೂರು ಮೊಯ್ದು ಮಗಳು. ತೊಂಬತ್ತೊಂಬತ್ತರ ಬ್ಯಾಚು."

ಮರೆತಿರಲಿಲ್ಲ. ಬಾಳೂರಿನಲ್ಲಿ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುವ ಮೊಯ್ದುವಿನ ಮಗಳು. ಮೂರು ವರ್ಷ ಕಳಸದ ಬಸ್ಸಿನಲ್ಲಿ ಬಂದು ಹೋಗಿ ಬಿ.ಎಸ್ಸಿ. ಮುಗಿಸಿದವಳು. ಆಮೇಲೆ ಅಸದ್ ಎಂಬ ಫಿಸಿಯೋಥೆರಪಿಸ್ಟನನ್ನು ಮದುವೆಯಾಗಿ ಮಿಷಿಗನ್‌ಗೆ ಹೋಗಿದ್ದಳು. ಈಗ ಅಲ್ಲಿ ಡಾಕ್ಟರಿಕೆ ಓದಲು ಅರ್ಜಿ ಹಾಕುತ್ತಿದ್ದಾಳಂತೆ.

"ಡಿಗ್ರಿ ಆದಮೇಲೆ ಎಂಬಿಬಿಎಸ್ಸಾ?" ಎಂದರು ಮೇಷ್ಟ್ರು.

"ಇಲ್ಲಿ ಹಾಗೇ ಸಾರ್. ಪಿಯುಸಿ ಮುಗಿಸಿ ನೇರ ಸೇರೋ ಹಾಗಿಲ್ಲ, ಡಿಗ್ರಿ ಆಗಿರ್ಬೇಕು. ಆದ್ರೆ ನಮ್ಮ ಡಿಗ್ರಿ ಒಂದೇ ಇದ್ರೆ ಅರ್ಜಿ ಮುಟ್ಟೋದೂ ಇಲ್ಲ. ಅದಕ್ಕೆ ಇಲ್ಲಿ ಕಾಲೇಜಿಗೆ ಸೇರಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಎಲ್ಲ ಎರಡು ವರ್ಷ ಮತ್ತೆ ಓದಿದೆ. ಪ್ರವೇಶ ಪರೀಕ್ಷೆನೂ ಆಯ್ತು. ಈಗ ಊರಲ್ಲಿ ಕಲಿಸಿದ ಮೇಷ್ಟ್ರ ಒಂದು ಪತ್ರ ಇದ್ರೆ ಒಳ್ಳೇದು ಅಂತ ನಮ್ಮ ಕಾಲೇಜಿನ ಸಲಹೆಗಾರ್ತಿ ಹೇಳಿದ್ರು."

"ಅದಕ್ಕೇನಂತೆ. ನೀನು ಬರ್ದು ಕಳ್ಸು."

"ಆಗಲ್ಲ ಸಾರ್. ನಾನು ಅದನ್ನ ಓದೂ ಬಾರ್ದು. ಓದಲ್ಲ ಅಂತ ಸೈನ್ ಮಾಡಿ ಕೊಟ್ಟಿದ್ದೀನಿ. ನೀವೇ ಬರ್ದು, ಕವರ್ ಅಂಟಿಸಿ, ಅಂಟಿದ ಜಾಗದ ಮೇಲೆ ಸಹಿ ಹಾಕಿ, ನೇರ ಇಲ್ಲಿ ನಮ್ಮ ಕಾಲೇಜಿಗೆ ಕಳಿಸ್ಬೇಕು."

ಆ ವಾರ ಮೇಷ್ಟ್ರು ಮೂರು ಸಲ ಬಿಳಿ ಹಾಳೆಯ ಮುಂದೆ ಕೂತರು. ಜಿಕ್ರಾ ಎಂದು ಬರೆದರೆ ಸಾಕು, 1999ರ ಏಪ್ರಿಲ್ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಅದು ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ. ಪ್ರತಿ ವಿದ್ಯಾರ್ಥಿಗೂ ಒಂದು ಬಿಳಿ ಪುಡಿ ಕೊಡುತ್ತಾರೆ. ಅದರಲ್ಲಿ ಯಾವ ಲವಣವಿದೆ ಎಂದು ಪರೀಕ್ಷಿಸಿ ಹೇಳಬೇಕು. ಪುಡಿಗಳನ್ನು ಬಾಟಲಿಗೆ ತುಂಬಿಸಿ ನಂಬರು ಹಾಕುವುದು ಲ್ಯಾಬ್ ಅಟೆಂಡರ್ ನಾಗೇಶನ ಕೆಲಸ. ಪರೀಕ್ಷೆಯ ದಿನ ಬೆಂಚುಗಳ ನಡುವೆ ನೀರು ಇಡುವ ನೆಪದಲ್ಲಿ ಓಡಾಡುತ್ತ, ಬಾಗಿದಾಗೊಮ್ಮೆ ಲವಣದ ಹೆಸರು ಉಸುರಿ ಹೋಗುವುದೂ ಅವನ ಕೆಲಸವೇ. ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಮೇಷ್ಟ್ರಿಗೂ ಗೊತ್ತಿತ್ತು. ಮಕ್ಕಳು ಪಾಸಾಗಲಿ ಎಂದು ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಅವತ್ತು ಏಳನೇ ನಂಬರಿನ ಪುಡಿ ಆರು ಜನರಿಗೆ ಬಂತು. ನಾಗೇಶ 'ಬೇರಿಯಂ' ಎಂದ. ಐವರು ಬೇರಿಯಂ ಎಂದೇ ಬರೆದರು. ಬೇರಿಯಂ ಆದರೆ ಬರ್ನರಿನ ಜ್ವಾಲೆಯಲ್ಲಿ ಎಳೆಯ ಹಸಿರು ಕಾಣಬೇಕು. ನಾಗೇಶನನ್ನು ಏನೂ ಕೇಳದೆ ತನ್ನ ಪಾಡಿಗೆ ತಂತಿಯ ತುದಿಗೆ ಪುಡಿ ಅಂಟಿಸಿ ಜ್ವಾಲೆಗೆ ಹಿಡಿದು ನಿಂತಿದ್ದ ಜಿಕ್ರಾಳಿಗೆ ಕಡುಕೆಂಪು ಕಂಡಿತು. ಅವಳು ಸ್ಟ್ರಾಂಷಿಯಂ ಎಂದು ಬರೆದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಯಾವ ನಂಬರಿಗೆ ಯಾವ ಲವಣ ಎಂಬ ಪಟ್ಟಿ ನೋಡಿ ಅವಳ ಉತ್ತರಕ್ಕೆ ಗೆರೆ ಎಳೆದರು. ಐವತ್ತಕ್ಕೆ ಇಪ್ಪತ್ತೊಂದು.

ಮರುದಿನ ಬೆಳಿಗ್ಗೆ ಯಾರೂ ಇಲ್ಲದಾಗ ಮೇಷ್ಟ್ರು ಏಳನೇ ಬಾಟಲಿಯ ಪುಡಿಯನ್ನು ತಾವೇ ಜ್ವಾಲೆಗೆ ಹಿಡಿದರು. ಕೆಂಪು. ನಾಗೇಶ ತಪ್ಪು ಡಬ್ಬಿಯಿಂದ ತುಂಬಿದ್ದ.

ಹೇಳಿದ್ದರೆ ಪರೀಕ್ಷೆ ಮತ್ತೆ ನಡೆಯುತ್ತಿತ್ತು. ಐವರು ನೋಡದೆಯೇ ಹಸಿರು ಬರೆದದ್ದು ಹೇಗೆ ಎಂಬ ಪ್ರಶ್ನೆ ಬರುತ್ತಿತ್ತು. ನಾಗೇಶನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ಹೆಂಡತಿಗೆ ತಿಂಗಳು ತುಂಬಿತ್ತು. ಮೇಷ್ಟ್ರು ಬಾಟಲಿಯನ್ನು ಸಿಂಕಿಗೆ ಸುರಿದು ನೀರು ಬಿಟ್ಟರು. ಎರಡು ದಿನ ಬಿಟ್ಟು ಜಿಕ್ರಾ ಬಂದು, "ಸಾರ್, ನನಗೆ ಕೆಂಪು ಕಂಡಿತ್ತು" ಎಂದಾಗ ಅವರು ರೆಕಾರ್ಡ್ ಪುಸ್ತಕಗಳನ್ನು ಜೋಡಿಸುತ್ತಲೇ, "ಕಣ್ಣು ತಪ್ಪಿರ್ಬೇಕಮ್ಮ" ಎಂದಿದ್ದರು.

ಇದನ್ನೆಲ್ಲ ಬಿಟ್ಟು ಅವಳ ಬಗ್ಗೆ ಏನು ಬರೆಯುವುದು? ನಾಲ್ಕನೇ ದಿನ ಅವರು ಹಾಳೆ ಪಕ್ಕಕ್ಕಿಟ್ಟು, ಆಫೀಸಿನಿಂದ ಅಚ್ಚು ಹಾಕಿದ ನಡತೆ ಪ್ರಮಾಣಪತ್ರದ ಪುಸ್ತಕ ತರಿಸಿದರು. ಹೆಸರು, ತಂದೆಯ ಹೆಸರು, ಇಸವಿ ತುಂಬಿದರು. ಉಳಿದದ್ದು ಅಚ್ಚಾಗಿಯೇ ಇತ್ತು: ಈ ಕಾಲೇಜಿನಲ್ಲಿ ಓದಿರುತ್ತಾರೆ, ನಡತೆ ಒಳ್ಳೆಯದಿರುತ್ತದೆ. ಸೀಲು, ಸಹಿ. ಹೇಳಿದ ಹಾಗೆಯೇ ಕವರು ಅಂಟಿಸಿ ಸ್ಪೀಡ್ ಪೋಸ್ಟ್ ಮಾಡಿದರು.

ಮುಂದಿನ ಜೂನ್ ಮೊದಲ ವಾರ ಜಿಕ್ರಾ ಊರಿಗೆ ಬಂದಳು. ಬಂದ ಎರಡನೇ ದಿನವೇ ಬಾದಾಮಿ ಚಾಕೊಲೇಟಿನ ಒಂದು ದೊಡ್ಡ ಪೊಟ್ಟಣ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಬೂದು ಬಣ್ಣದ ಸ್ಕಾರ್ಫು, ಮುಖ ಸ್ವಲ್ಪ ಇಳಿದಿತ್ತು.

"ಇದೇ ವಾಸನೆ," ಎಂದಳು ಮೂಗರಳಿಸಿ. "ಕೊಳೆತ ಮೊಟ್ಟೆ. ಅಲ್ಲಿ ಲ್ಯಾಬು ಎಷ್ಟು ಸ್ವಚ್ಛ ಅಂದ್ರೆ ಕೆಮಿಸ್ಟ್ರಿ ಅಂತಾನೇ ಅನ್ಸಲ್ಲ ಸಾರ್."

ನಾಗೇಶ ಪೊಟ್ಟಣ ಇಸಿದುಕೊಂಡ. "ಸಾರ್‌ಗೆ ಸಕ್ಕರೆ ಕಾಯಿಲೆ, ಇದನ್ನ ತಿನ್ನೋ ಹಾಗಿಲ್ಲ. ನಾನೇ ಸುಧಾರಿಸ್ತೀನಿ ಬಿಡಮ್ಮ."

ಸುತ್ತಿ ಬಳಸಿ ಮಾತಾಡಿದ ಮೇಲೆ ಅವಳು ವಿಷಯಕ್ಕೆ ಬಂದಳು. "ಸಾರ್, ಈ ವರ್ಷ ಪತ್ರ ಬಾಟನಿ ತಂಗಮ್ಮ ಮೇಡಂ ಹತ್ರ ತಗೊಂಡ್ರೆ... ನಿಮಗೆ ಬೇಜಾರಾಗಲ್ಲ ಅಲ್ವಾ?"

ಹನ್ನೊಂದು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳಂತೆ. ಹನ್ನೊಂದರಿಂದಲೂ ಇಲ್ಲ ಎಂದು ಬಂತು. ಒಂದೇ ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ಸಲಹೆಗಾರ್ತಿ ಅವಳನ್ನು ಕೂರಿಸಿಕೊಂಡು, ಪತ್ರದಲ್ಲಿ ಏನಿದೆ ಎಂದು ನಾನು ಹೇಳುವ ಹಾಗಿಲ್ಲ, ಆದರೆ ನಾನು ನೀನಾಗಿದ್ದರೆ ಊರಿನಿಂದ ಬಂದ ಪತ್ರವನ್ನು ಬದಲಾಯಿಸುತ್ತಿದ್ದೆ ಎಂದಿದ್ದರು. ಇನ್ನೊಂದು ಸಲ ಅರ್ಜಿ ಹಾಕಬಹುದು. ಅದೂ ಆಗದಿದ್ದರೆ ಬಿಟ್ಟುಬಿಡುವುದೆಂದು ಅವಳೂ ಅಸದನೂ ಮಾತಾಡಿಕೊಂಡಿದ್ದರು.

ಮೇಷ್ಟ್ರು ಡ್ರಾಯರ್ ಎಳೆದು ಅಚ್ಚಿನ ಪುಸ್ತಕ ಹೊರಗಿಟ್ಟರು. ಅವಳು ತಟ್ಟನೆ ಮುಖ ತಿರುಗಿಸಿಕೊಂಡಳು. "ತೋರಿಸ್ಬೇಡಿ ಸಾರ್, ನಾನು ನೋಡೋ ಹಾಗಿಲ್ಲ."

"ನಿಂದಲ್ಲಮ್ಮ, ಖಾಲಿ ಹಾಳೆ. ನೋಡು. ನಿನಗೂ ಇದನ್ನೇ ತುಂಬಿ ಕಳಿಸ್ದೆ."

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನಕ್ಕಳು, ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಇಷ್ಟೇನಾ? ನಾನು ಎಂತೆಂತದೋ ಅಂದ್ಕೊಂಡಿದ್ದೆ ಸಾರ್. ಅಲ್ಲಿ ಬೇರೆಯವರ ಮೇಷ್ಟ್ರು ಎರಡು ಎರಡು ಪುಟ ಬರೀತಾರೆ. ನನ್ನದು ಮೂರು ಸಾಲು, ಅದ್ರಲ್ಲಿ ಒಂದು ಅಪ್ಪನ ಹೆಸ್ರು."

ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಸಾರ್, ಇನ್ನೊಂದು. ನಮ್ಮ ಅಂಕಪಟ್ಟಿಯನ್ನ ಅಲ್ಲಿನ ಗ್ರೇಡಿಗೆ ತಿರುಗಿಸಿದಾಗ ಎಲ್ಲ ಪರವಾಗಿಲ್ಲ, ಆ ಪ್ರಾಕ್ಟಿಕಲ್ ಒಂದೇ ಕೆಟ್ಟು ಕೂತಿದೆ. ಸಂದರ್ಶನಕ್ಕೆ ಕರೆದ್ರೆ ಅದನ್ನ ಕೇಳೇ ಕೇಳ್ತಾರೆ. ಏನು ಹೇಳ್ಲಿ?"

ಮೇಷ್ಟ್ರು ಅಚ್ಚಿನ ಪುಸ್ತಕವನ್ನು ಮತ್ತೆ ಡ್ರಾಯರಿಗೆ ಹಾಕಿದರು. ನಾಗೇಶ ಚಾಕೊಲೇಟ್ ಅಗಿಯುವುದನ್ನು ನಿಲ್ಲಿಸಿದ್ದ. "ಪತ್ರ ನಾನೇ ಬರೀತೀನಿ," ಎಂದಷ್ಟೇ ಹೇಳಿ ಮೇಷ್ಟ್ರು ಅವಳನ್ನು ಬಸ್ಸಿಗೆ ಕಳಿಸಿದರು.

ಆ ಭಾನುವಾರ ಅವರೇ ಕಳಸದ ಬಸ್ಸು ಹತ್ತಿ ಬಾಳೂರಿನಲ್ಲಿ ಇಳಿದರು. ದಾರಿಯುದ್ದಕ್ಕೂ ಸರಿಯಾದ ಮಾತುಗಳನ್ನು ಜೋಡಿಸಿಕೊಂಡಿದ್ದರು. ಇಳಿದಾಗ ಒಂದೂ ನೆನಪಿರಲಿಲ್ಲ. ಮೊಯ್ದುವಿನ ಶೆಡ್ಡಿನಲ್ಲಿ ಒಂದು ಹಳೆಯ ಜೀಪು ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲುಗಳು ಹೊರಬಂದಿದ್ದವು. ಜಿಕ್ರಾ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅಪ್ಪನಿಗೆ ಸ್ಪ್ಯಾನರ್ ಕೊಡುತ್ತಿದ್ದಳು.

"ಯಾರು ಬಂದದ್ದು?" ಎಂದವು ಕಾಲುಗಳು.

"ಶಾಂತವೀರಪ್ಪ ಸಾರ್, ಬಾಪಾ."

"ಓ ಮಾಷ್ಟ್ರೇ, ಕೂತ್ಕೊಳ್ಳಿ ಕೂತ್ಕೊಳ್ಳಿ. ಕೈ ಬಿಟ್ರೆ ಆಯಿಲ್ ಎಲ್ಲ ಮುಖಕ್ಕೆ ಬೀಳ್ತದೆ. ಎರಡು ನಿಮಿಷ."

ಆ ಎರಡು ನಿಮಿಷದಲ್ಲಿ, ನಿಂತುಕೊಂಡೇ, ಮೇಷ್ಟ್ರು ಹೇಳಿಬಿಟ್ಟರು. ಬಾಟಲಿ ತಪ್ಪಾಗಿತ್ತು. ಮರುದಿನವೇ ನೋಡಿದ್ದೆ. ಅದು ಕೆಂಪೇ. ಗೊತ್ತಿದ್ದೂ ಕಣ್ಣು ತಪ್ಪಿದೆ ಅಂತ ನಿನಗೆ ಹೇಳಿದೆ.

ಜೀಪಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಮೊಯ್ದು ಮೆಲ್ಲಗೆ ಹೊರಗೆ ಜಾರಿಬಂದ; ಗಡ್ಡದ ಮೇಲೆಲ್ಲ ಕಪ್ಪು ಎಣ್ಣೆ. "ಇವಳನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗಿ ಕಣ್ಣು ತೋರಿಸಿದ್ದೆ ಮಾಷ್ಟ್ರೇ," ಎಂದ. "ಬಣ್ಣದ ಚುಕ್ಕಿ ಇರೋ ಪುಸ್ತಕ ಹಿಡಿದು ಒಂದೊಂದೇ ಕೇಳಿದ್ರು. ಇವಳಿಗೆ ಬಣ್ಣ ತಿಳಿಯೋದಿಲ್ಲ, ಇನ್ನು ಮದುವೆ ಹೇಗೆ ಮಾಡೋದು ಅಂತ ಇವಳ ಉಮ್ಮ ಅತ್ತದ್ದು ನೋಡ್ಬೇಕಿತ್ತು ನೀವು."

ಮೇಷ್ಟ್ರು ತಲೆ ತಗ್ಗಿಸಿದರು.

"ಡಾಕ್ಟ್ರು ಕಣ್ಣು ಸರಿಯಾಗಿದೆ ಅಂದ್ರು," ಎಂದಳು ಜಿಕ್ರಾ. ದನಿ ಗಟ್ಟಿಯಾಗಿತ್ತು, ಲ್ಯಾಬಿನಲ್ಲಿ ನಕ್ಕ ಹುಡುಗಿಯದಲ್ಲ. "ಹಾಗಾದ್ರೆ ಕೈ ತಪ್ಪಿರ್ಬೇಕು, ತಂತಿ ಸರಿಯಾಗಿ ತೊಳೆದಿರಲಿಲ್ಲ ಅಂದ್ಕೊಂಡೆ. ಈಗ್ಲೂ ಅಲ್ಲಿ ಲ್ಯಾಬಲ್ಲಿ ಏನೇ ಮಾಡಿದ್ರೂ ಏಳು ಸಲ ತೊಳೀತೀನಿ. ಜೊತೆಯವಳು ನಗಾಡ್ತಾಳೆ. ಆರು ವರ್ಷ ಸಾರ್. ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳ್ಬೇಕಿತ್ತು," ಎಂದರು ಮೇಷ್ಟ್ರು.

ರಸ್ತೆಯಲ್ಲಿ ಒಂದು ಬಸ್ಸು ಹಾರನ್ ಹೊಡೆದು ದಾಟಿತು. ಜಿಕ್ರಾ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿ ಒರೆಸಿ ಕೆಳಗಿಟ್ಟಳು.

"ಅಂದ್ರೆ ಕೆಂಪೇ ಇತ್ತು."

"ಕೆಂಪೇ ಇತ್ತು."

ಅವಳ ಹೆಗಲು ಇಳಿದದ್ದು ಮೇಷ್ಟ್ರಿಗೂ ಕಾಣಿಸಿತು. ಮೊಯ್ದು ಮಗಳನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿ, "ಹೋಗು, ಮಾಷ್ಟ್ರಿಗೆ ಸಕ್ಕರೆ ಹಾಕದ ಚಾ ತಾ," ಎಂದ. ಅವಳು ಒಳಗೆ ಹೋದ ಮೇಲೆ, ಕೈ ಒರೆಸುತ್ತ ಕೆಳದನಿಯಲ್ಲಿ ಹೇಳಿದ: "ನಾನು ಸಿಟ್ಟು ಬಿಟ್ಟಿಲ್ಲ, ಗೊತ್ತಿರ್ಲಿ. ಇಲ್ಲಿವರೆಗೆ ಬಂದು ಹೇಳಿದ್ರಲ್ಲ, ಅದಕ್ಕೆ ಚಾ."

ಮರುದಿನ ಮೇಷ್ಟ್ರು ನಾಗೇಶನಿಗೆ ತಿಳಿಸಿದರು. ಹೆಸರು ಹಾಕುವುದಿಲ್ಲ, ಆದರೆ ನಡೆದದ್ದನ್ನು ಬರೆಯುತ್ತೇನೆ, ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಡುತ್ತೇನೆ ಎಂದರು.

"ಬರೀರಿ ಸಾರ್," ಎಂದ ನಾಗೇಶ. "ಹೆಸರು ಹಾಕದಿದ್ರೂ ಬಾಟ್ಲಿ ತುಂಬೋನು ಇನ್ಯಾರು, ಪ್ರಿನ್ಸಿಪಾಲರಾ?" ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಬಿಗಿಮಾಡುತ್ತ, "ಆ ಹುಡುಗಿ ಒಬ್ಳೇ ನನ್ನ ಕಡೆ ನೋಡಿರ್ಲಿಲ್ಲ ಅವತ್ತು" ಎಂದ. ಆ ವರ್ಷದಿಂದ ಪರೀಕ್ಷೆಯ ದಿನ ನೀರು ಇಡುವ ಕೆಲಸ ಬೇರೆಯವರಿಗೆ ಕೊಡಿ ಎಂದು ಅವನೇ ಕೇಳಿಕೊಂಡ.

ಪತ್ರ ಬರೆಯಲು ಹತ್ತು ಬೆಳಗು ಹಿಡಿಯಿತು. ಮೇಷ್ಟ್ರ ಇಂಗ್ಲಿಷು ಪಠ್ಯಪುಸ್ತಕದ್ದು. ಹೊಗಳಲು ಹೋದರೆ ಟೈಪಿಂಗ್ ಅಂಗಡಿಯ ಮಾತುಗಳೇ ಬರುತ್ತಿದ್ದವು. ಹೆಂಡತಿ ನಂಜಮ್ಮ ತಿಂಡಿಯ ತಟ್ಟೆ ಹಿಡಿದು ಕಾಯುತ್ತಿದ್ದರು.

"ನನಗೆ ಮದುವೆ ಮುಂಚೆ ಬರೆದ ಕಾಗದಕ್ಕೂ ಇಷ್ಟು ಹಾಳೆ ಹರೀಲಿಲ್ಲ ರೀ ನೀವು."

"ಅದರಲ್ಲಿ ಎರಡೇ ಸಾಲು ಇತ್ತಲ್ಲ."

"ಒಂದೂವರೆ."

ಕೊನೆಗೆ ಅವರಿಗೆ ಹೊಳೆದದ್ದು, ತಾವು ಅಳುಕಿಲ್ಲದೆ ಬರೆಯಬಲ್ಲ ಇಂಗ್ಲಿಷು ಒಂದೇ, ಲ್ಯಾಬ್ ರೆಕಾರ್ಡಿನದು. ಹಾಗೆಯೇ ಬರೆದರು. ಮೇಲೆ ಉದ್ದೇಶ: ಈ ವಿದ್ಯಾರ್ಥಿನಿಯ ಕುರಿತು ನನಗೆ ಗೊತ್ತಿರುವುದನ್ನು ತಿಳಿಸುವುದು. ಕೆಳಗೆ ಎರಡು ಅಂಕಣ. ಎಡಕ್ಕೆ ಕಂಡದ್ದು, ಬಲಕ್ಕೆ ಅದರಿಂದ ತಿಳಿದದ್ದು. ಮೂರು ವರ್ಷದಲ್ಲಿ ಬಸ್ಸು ಕೆಟ್ಟ ದಿನಗಳಲ್ಲೂ ಅವಳು ಯಾವುದಾದರೂ ಎಸ್ಟೇಟ್ ಲಾರಿ ಹತ್ತಿ ಬಂದದ್ದು. ಗೆಳತಿಯ ಕೈಗೆ ಆಸಿಡ್ ಬಿದ್ದಾಗ ಉಳಿದವರು ಕೂಗುತ್ತಿದ್ದರೆ ಇವಳು ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಹದಿನೈದು ನಿಮಿಷ ಬಿಡದೆ, ಮನೆಯ ಬೆಕ್ಕಿನ ಕತೆ ಹೇಳುತ್ತ ನಿಂತದ್ದು. ಕೊನೆಯಲ್ಲಿ ಏಳನೇ ಬಾಟಲಿ. ಐವರು ಹಸಿರು ಎಂದಾಗ ಇವಳು ಕೆಂಪು ಎಂದದ್ದು, ಆ ಅಂಕ ತಪ್ಪು, ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದವನು ಈ ಪತ್ರ ಬರೆಯುತ್ತಿರುವ ನಾನೇ ಎಂಬುದು. ಅದರ ಬಲಕ್ಕೆ ಬರೆದರು: ಎಲ್ಲರೂ ಬೇರೆ ಹೇಳುತ್ತಿರುವಾಗಲೂ ತನ್ನ ಕಣ್ಣೆದುರು ಇರುವುದನ್ನೇ ಹೇಳುವ ಡಾಕ್ಟರು ನಿಮಗೆ ಬೇಕಿದ್ದರೆ, ಇವಳು ಅಂಥವಳು.

ಪ್ರಿನ್ಸಿಪಾಲರು ಪ್ರತಿಯನ್ನು ಓದಿ ಹಣೆ ಉಜ್ಜಿಕೊಂಡರು. "ಆರು ವರ್ಷದ ಹಿಂದಿನ ಅಂಕ ಈಗ ಯಾರೂ ತಿದ್ದಲ್ಲ ಮಾರಾಯ್ರೆ. ಎರಡು ವರ್ಷಕ್ಕೆ ರಿಟೈರ್ ಆಗೋರು, ನಿಮಗ್ಯಾಕೆ ಇದು?" ಆದರೂ ಪತ್ರದ ಹೇಳಿಕೆ ನಿಜವೆಂದು ಕೆಳಗೆ ಒಂದು ಸಾಲು ಬರೆದು ಸೀಲು ಹಾಕಿಕೊಟ್ಟರು. ಅಷ್ಟನ್ನು ಮೇಷ್ಟ್ರು ನಿರೀಕ್ಷಿಸಿರಲಿಲ್ಲ.

ಕವರು ಹೋದ ಮೇಲೆ ಇನ್ನೊಂದು ಭಯ ಹಿಡಿಯಿತು. ಇಂಥ ಮೇಷ್ಟ್ರು, ಇಂಥ ಪರೀಕ್ಷೆ ಇರುವ ಕಾಲೇಜಿನ ಡಿಗ್ರಿಯನ್ನು ಯಾರು ನಂಬುತ್ತಾರೆ? ಮೊದಲ ಪತ್ರ ಏನನ್ನೂ ಹೇಳದೆ ಕೆಡಿಸಿತು. ಎರಡನೆಯದು ಎಲ್ಲವನ್ನೂ ಹೇಳಿ ಕೆಡಿಸೀತು. ಮಳೆಗಾಲ ಮುಗಿಯಿತು, ಕಾಫಿ ಹಣ್ಣಾಯಿತು. ಮೇಷ್ಟ್ರಿಗೆ ಪಾಠದ ನಡುವೆ ಮಾತು ಮರೆಯತೊಡಗಿತು. ಸಕ್ಕರೆ ಏರಿತು, ಡಾಕ್ಟರು ಬೈದರು. ನವೆಂಬರಿನಲ್ಲಿ ಮೊಯ್ದು ಜೀಪು ತಂದಿದ್ದವನು ಕಾಲೇಜಿನ ಗೇಟಿನಲ್ಲಿ ನಿಂತು, ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿದೆಯೆಂದು ಹೇಳಿ ಹೋದ. ಡಿಸೆಂಬರಿನಲ್ಲಿ ಮೂರು ಕಡೆಯಿಂದ ಇಲ್ಲವೆಂದು ಬಂದಿದೆ ಎಂದ. ಜನವರಿಯಲ್ಲಿ ಅವನು ಬರಲೇ ಇಲ್ಲ. ಮೇಷ್ಟ್ರು ಫೋನು ಎತ್ತಿ ಎತ್ತಿ ಇಟ್ಟರು.

ಫೆಬ್ರವರಿಯ ಒಂದು ಬೆಳಿಗ್ಗೆ ಏಳೂವರೆಗೆ ಫೋನು ಬಂತು. ನಂಜಮ್ಮ ಎತ್ತಿ, ಕೇಳಿ, ರಿಸೀವರನ್ನು ಗಂಡನ ಕಡೆ ಚಾಚಿದರು.

"ಸಾರ್, ಸಿಕ್ತು."

ಮೇಷ್ಟ್ರು ಕುರ್ಚಿ ಹುಡುಕಿ ಕೂತರು.

"ಒಂದೇ ಕಡೆ ಕರೆದಿದ್ರು, ಅಲ್ಲೇ ಸಿಕ್ತು. ಇವತ್ತು ಕಾಗದ ಬಂತು. ಬಾಪಾನಿಗೆ ಮಾಡಿ ನಿಮಗೇ ಮಾಡ್ತಿದ್ದೀನಿ. ಕೇಳ್ತಿದ್ದೀರಾ?"

"ಕೇಳ್ತಿದ್ದೀನಿ. ಆ ಅಂಕದ ಬಗ್ಗೆ ಕೇಳಿದ್ರಾ?"

"ಇಲ್ಲ ಸಾರ್. ನಾನು ಉತ್ತರ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅವರು ವಯಸ್ಸಾದ ಸರ್ಜನ್ನು. ಕೂತ ಕೂಡ್ಲೆ ಕೇಳಿದ್ದು, ನಿಮ್ಮ ಮೇಷ್ಟ್ರು ಹೇಗಿದ್ದಾರೆ ಅಂತ. ಚೆನ್ನಾಗಿದ್ದಾರೆ ಅಂದೆ. ಅವರಿಗೆ ತೊಂದರೆ ಏನೂ ಆಗ್ಲಿಲ್ಲ ತಾನೇ ಅಂದ್ರು. ಇಲ್ಲ ಅಂದೆ. ಆಮೇಲೆ ಅರ್ಧ ಗಂಟೆ ಜೀಪ್ ರಿಪೇರಿ ಬಗ್ಗೆ ಮಾತಾಡಿದ್ವಿ. ನೀವು ಎಂತ ಬರೆದ್ರಿ ಅಂತ ನಾನು ಕೇಳಲ್ಲ."

"ಕೇಳ್ಬೇಡ," ಎಂದರು ಮೇಷ್ಟ್ರು. "ಚೆನ್ನಾಗಿ ಓದು."

ರಿಸೀವರ್ ಇಟ್ಟ ಮೇಲೆ ಅವರು ಬಹಳ ಹೊತ್ತು ಅಲ್ಲೇ ಕೂತಿದ್ದರು. ನಂಜಮ್ಮ ಇನ್ನೊಂದು ಅಕ್ಕಿರೊಟ್ಟಿ ಹಾಕಿದರು. ಬೇಡ ಎನ್ನದೆ ತಿಂದರು. ಕಾಲೇಜಿಗೆ ಎಂದಿಗಿಂತ ನಿಧಾನ ನಡೆದರು. ದಾರಿಯಲ್ಲಿ ಒಂದು ಎಸ್ಟೇಟಿನ ಕಣದಲ್ಲಿ ಹೆಂಗಸರು ಕಾಫಿ ಹರವುತ್ತ ಯಾವುದಕ್ಕೋ ನಗುತ್ತಿದ್ದರು. ಮೇಷ್ಟ್ರು ಬೇಲಿಯ ಹತ್ತಿರ ನಿಂತು, ವಿಷಯ ಏನೆಂದು ಗೊತ್ತಿಲ್ಲದೆ ತಾವೂ ನಕ್ಕರು.

ಲ್ಯಾಬಿನಲ್ಲಿ ನಾಗೇಶ ಬೆಂಚು ಒರೆಸುತ್ತಿದ್ದ. ಮೇಷ್ಟ್ರ ಮುಖ ನೋಡಿದವನೇ ಕೈ ನಿಲ್ಲಿಸಿದ.

"ಸಿಕ್ತಾ ಸಾರ್?"

"ಸಿಕ್ತು."

ನಾಗೇಶ ಹಿಂದಿನ ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡ. ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುತ್ತ ಬಂದು, "ಮೊದಲ ಪೀರಿಯಡ್ ಹುಡುಗ್ರು ಹೊರಗೆ ನಿಂತಿದ್ದಾರೆ, ಬಿಡ್ಲಾ?" ಎಂದ.

"ಐದು ನಿಮಿಷ ತಡಿ," ಎಂದರು ಶಾಂತವೀರಪ್ಪನವರು. ಕಿಟಕಿಯ ಪಕ್ಕದ ಸ್ಟೂಲೆಳೆದು ಗೋಡೆಗೆ ಒರಗಿ ಕೂತರು. ನಾಗೇಶ ಬಾಗಿಲ ಬಳಿ ಹೋಗಿ ಹುಡುಗರಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ. ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರಿಗೆ ನಿದ್ದೆ ಹತ್ತಿತ್ತು.